ಮಿದುಳಿನ ಒಂದು ಗ್ರಾಹಕವೂ ಅದರ ನಾಮವಿಚಾರವೂ

ವೈದ್ಯನಿಘಂಟುಗಳಲ್ಲಿ ವಿಜಯಾ ಎಂದು ಹೆಸರುಗೊಂಡಿರುವ ಭಂಗಿಸೊಪ್ಪು ಮತ್ತೇರಿಸತಕ್ಕುದೆಂಬುದು ಬಹುಕಾಲದಿಂದ ವಿದಿತವೇ ಆಗಿದೆ. ಅದು ಮಿದುಳಿನಲ್ಲಿ ಯಾವುದನ್ನು ಹಿಡಿದು ಈ ವಿಕಾರವನ್ನುಂಟುಮಾಡುವುದೆಂಬುದು ಮಾತ್ರ ಈಚಿನ ಶೋಧ. ೧೯೬೪ರಲ್ಲಿ ಗಾವೋನಿ, ಮೆಕೂಲಮ್ ಎಂಬ ಇಸ್ರೇಲಿನ ವಿದ್ವಾಂಸರು ಸೊಪ್ಪಿನ ಮಾದಕಸಾರದ ರಚನೆಯನ್ನು ನಿರ್ಣಯಿಸಿದರು. ೧೯೯೦ರಲ್ಲಿ ಅಮೆರಿಕದ ಮತ್ಸುದಾ ಮೊದಲಾದವರು, ಆ ಸಾರವನ್ನು ಗ್ರಹಿಸುವ ಪ್ರೋಟೀನಿನ ವಂಶವಾಹಿಯನ್ನು ಇಲಿಯ ಮಿದುಳಿನ ಸಾಮಗ್ರಿಯಿಂದ ಗುರುತಿಸಿದರು. ಸಿ.ಎನ್.ಆರ್.೧ ಎಂಬುದು ಇದರ ಸಂಕೇತ. ಮನುಷ್ಯರಲ್ಲಿ ಇದು ಆರನೆಯ ವರ್ಣತಂತುವಿನಲ್ಲಿರುವುದು. ಇದರಿಂದ ಹುಟ್ಟುವ ಪ್ರೋಟೀನು ೪೭೨ ಅಮೈನೋ ಆಮ್ಲಗಳ ಮಾಲೆ. ಅದು ಕೋಶದ ಪೊರೆಯನ್ನು ಏಳು ಸಲ ಹೊಲಿದಂತೆ ಹಾದು ನಿಂತು, ಹೊರಗೆ ಬಂದ ದ್ರವ್ಯದ ಸುದ್ದಿಯನ್ನು ಒಳಗಿನ ಜಿ-ಪ್ರೋಟೀನಿಗೆ ಮುಟ್ಟಿಸುತ್ತದೆ.

ಇಲ್ಲೊಂದು ಶಂಕೆ. ಸೊಪ್ಪನ್ನೇ ಕಂಡರಿಯದ ಇಲಿಯ ತಲೆಯಲ್ಲಿ ಸೊಪ್ಪಿನ ಗ್ರಾಹಕವೇಕೆ? ಸಮಾಧಾನವು ೧೯೯೨ರಲ್ಲಿ ದೊರೆಯಿತು. ಡೆವೇನ್, ಮೆಕೂಲಮ್ ಮತ್ತವರ ಸಂಗಡಿಗರು, ಶರೀರವು ತಾನೇ ಹುಟ್ಟಿಸಿ ಈ ಗ್ರಾಹಕಕ್ಕೆ ಒಪ್ಪಿಸುವ ದ್ರವ್ಯವೊಂದನ್ನು ಹಂದಿಯ ಮಿದುಳಿನಿಂದ ತೆಗೆದರು; ಸಂಸ್ಕೃತದ ಆನಂದಶಬ್ದಕ್ಕೆ ಅಮೈಡ್ ಎಂಬ ರಸಾಯನಪದವನ್ನು ಸೇರಿಸಿ ಅದನ್ನು ಆನಂದಮೈಡ್ ಎಂದು ಕರೆದರು. (ಸವರ್ಣದೀರ್ಘವಾಗದೆ ಲೋಪಸಂಧಿಯಾಗಿರುವುದನ್ನು ಕಂಡು ಕನ್ನಡ ವೈಯಾಕರಣರು ಸಂತೋಷಪಡಬಹುದು.) ತೈತ್ತಿರೀಯದ ಆನಂದಮೀಮಾಂಸೆಯನ್ನು ಬಲ್ಲವರಿಗೆ ಈ ನಾಮಕರಣ ತುಸು ಧಾರಾಳವೆಂದೇ ತೋರೀತು. ಏಕೆಂದರೆ ಈ ಗ್ರಾಹಕದ ಮುಖ್ಯಕಾರ್ಯ ಆನಂದವಲ್ಲ, ನಿಗ್ರಹ.

ಅದು ಹೇಗೆಂದರೆ, ಒಂದು ನರಕೋಶವು ಮುಂದಿನದಕ್ಕೆ ದ್ರವ್ಯರೂಪದ ಸಂದೇಶವನ್ನು ಸುರಿಸುತ್ತದೆ. ಸಂದೇಶವು ಅತಿಯಾದಾಗ, ಪಡೆಯುವ ಕೋಶವು ತನ್ನ ಪೊರೆಯ ಕೊಬ್ಬಿನಿಂದ ಆನಂದಮೈಡಿನ ವರ್ಗದ ದ್ರವ್ಯವನ್ನು ಆ ಕ್ಷಣದಲ್ಲೇ ಮಾಡಿ ಹಿಂದಕ್ಕೆ ಕಳುಹಿಸುತ್ತದೆ. ಗ್ರಾಹಕವಿರುವುದು ಸಂದೇಶವನ್ನು ಸುರಿಸುವ ಕೋಶದ ತುದಿಯಲ್ಲಿ. ಅದು ಎಚ್ಚೆತ್ತೊಡನೆ, ಜಿ-ಪ್ರೋಟೀನಿನ ಮೂಲಕ, ಕ್ಯಾಲ್ಸಿಯಮ್ ಒಳಹೊಗುವುದು ಕುಗ್ಗಿ ಸಂದೇಶದ ಸುರಿತ ತಗ್ಗುತ್ತದೆ. ಈ ಪ್ರತೀಪಗತಿ ೨೦೦೧ರಲ್ಲಿ ಸ್ಥಾಪಿತವಾಯಿತು. ಸೊಪ್ಪಿನ ಸಾರವಾದರೋ ಹೊತ್ತುಗೊತ್ತಿಲ್ಲದೆ ಎಲ್ಲೆಡೆಯ ಗ್ರಾಹಕಗಳನ್ನೂ ಒಮ್ಮೆಗೇ ಹಿಡಿಯುತ್ತದೆ. ನೆನಪಿಗೆ ಆಸರೆಯಾದ ಹಿಪ್ಪೊಕ್ಯಾಂಪಸ್ಸಿನಲ್ಲಿಯೂ ಚಲನೆಯನ್ನು ತಿದ್ದುವ ಕಿರುಮಿದುಳಿನಲ್ಲಿಯೂ ಅವು ದಟ್ಟವಾಗಿರುವುದರಿಂದಲೇ ಮರೆವು, ತಡವರಿಕೆ. ಉಸಿರಾಟವನ್ನು ನಡೆಸುವ ಮಿದುಳಬುಡದಲ್ಲಿ ಅವು ವಿರಳ.

ಹೀಗಿರಲು, ಅತಿಥಿಯ ಹೆಸರಿನಿಂದ ಮನೆಯನ್ನು ಕರೆದಂತೆ, ಇದನ್ನು ಭಂಗಿಯ ಗ್ರಾಹಕವೆನ್ನುವ ರೂಢಿ ಅಪಾರ್ಥಕ್ಕೆ ಎಡೆಗೊಡುವುದೆಂದು ನಮ್ಮ ಮತ. ಆನಂದಶಬ್ದವನ್ನು ಆರಿಸಿದವರ ಪಕ್ಷದಲ್ಲಿಯಾದರೆ ಹೇಳತಕ್ಕುದೊಂದಿದೆ. ಹಸಿವನ್ನು ಕೆರಳಿಸುವುದೂ ಈ ಗ್ರಾಹಕದ ಕಾರ್ಯವಾದುದರಿಂದ, ಇದನ್ನು ತಡೆಯುವ ರಿಮೊನಬಾಂಟ್ ಎಂಬ ಔಷಧಕ್ಕೆ ಬೊಜ್ಜಿನ ಚಿಕಿತ್ಸೆಗಾಗಿ ೨೦೦೬ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಸೇವಿಸಿದವರಲ್ಲಿ ಕೆಲವರಿಗೆ ಖಿನ್ನತೆಯೂ ಆತ್ಮಹತ್ಯೆಯ ಯೋಚನೆಯೂ ತಲೆದೋರಿದುದರಿಂದ ೨೦೦೮ರಲ್ಲಿ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು.