ಮನೆಯ ನೆಲವೂ ಸಾಮಿನ ನೆಲವೂ

ಕಳೆದ ಮಳೆಗಾಲದಲ್ಲಿ ಎಂಟನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಬಲಗೈಯ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತರಗತಿಗೆ ಬಂದಳು. ವಿಚಾರಿಸಿದಾಗ ತಿಳಿದದ್ದಿಷ್ಟು: ವಾರಕ್ಕೆ ಎರಡು ದಿನ ನಡೆಯುವ ಜೂಡೊ ವರ್ಗದಲ್ಲಿ ಕಲಿತ ಬೀಳುವ ವಿದ್ಯೆಯನ್ನು ತಮ್ಮನೊಡನೆ ಧಾರಾವಿಯ ತನ್ನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು, ಹಾಸಿದ್ದ ಚಾಪೆ ಲಾದಿಯ ಮೇಲೆ ಸರ್ರನೆ ಜಾರಿತು, ಗಾಬರಿಯಲ್ಲಿ ಕೈಯೂರಿದಳು. ಅಂದಿನಿಂದ ಅವಳ ತಾಯಿ ವರ್ಗಕ್ಕೇ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದರು. ತಾಯಿಯ ಭಯ ನ್ಯಾಯವಾದುದೇ. ಆದರೆ ತಪ್ಪು ವಿದ್ಯೆಯದಲ್ಲ, ನೆಲದ್ದೆಂದು ನನಗೆ ತೋರಿತು. ಅಲ್ಪ ವೆಚ್ಚದಲ್ಲಿ ಮನೆಯ ನೆಲವನ್ನು ಸಾಮಿಗೆ ತಕ್ಕಂತೆ ಮಾಡಿಕೊಳ್ಳುವುದು ಹೇಗೆಂಬುದನ್ನು ಅವಳ ನಿಮಿತ್ತವಾಗಿ ವಿಚಾರಿಸತೊಡಗಿದೆನು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮನೆಗಳ ನೆಲವನ್ನು ನೀವೆಲ್ಲರೂ ಬಲ್ಲಿರಿ. ಹತ್ತಡಿಗೆ ಹತ್ತಡಿಯ ಒಂದು ಕೋಣೆ; ಅಲ್ಲಿಯೇ ಅಡಿಗೆ, ಅಲ್ಲಿಯೇ ಓದು, ರಾತ್ರಿ ಅಲ್ಲಿಯೇ ಐದಾರು ಜನರ ಹಾಸಿಗೆ. ಕೆಳಗೆ ಲಾದಿ, ಇಲ್ಲವೆ ಶಹಾಬಾದಿನ ಕಲ್ಲು. ಈ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದೇ. ಅಲ್ಲಿಯ ಜನರಂತೆಯೇ ರೈಲು ಹತ್ತಿ ಮುಂಬಯಿಗೆ ಬಂದು ನೆಲೆಸಿತು. ತೊಳೆಯಲು ಸುಲಭ, ಬೇಸಗೆಯಲ್ಲಿ ತಂಪು, ತಲೆಮಾರುಗಳವರೆಗೆ ಸವೆಯದು. ಆದರೆ ಬಿದ್ದವರಿಗೆ ಅದು ಎಳ್ಳಷ್ಟೂ ದಯೆ ತೋರಿಸದು.

ಇದರ ಕಾರಣವನ್ನು ವಿಜ್ಞಾನದ ಪಾಠದಿಂದಲೇ ತಿಳಿಯಬಹುದು. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿರುತ್ತದೆ. ಆ ವೇಗವನ್ನು ನೆಲವು ಎಷ್ಟು ಅಂತರದಲ್ಲಿ ನಿಲ್ಲಿಸುತ್ತದೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. 5 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ ಆ ವಸ್ತುವಿನ ತೂಕದ ಸುಮಾರು 200 ಪಟ್ಟು. 2 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಸುಮಾರು 50 ಪಟ್ಟು. ಹಾಸು ಮಾಡುವ ಕೆಲಸವೆಲ್ಲ ಇಷ್ಟೇ: ನಿಲ್ಲುವ ಅಂತರವನ್ನು ಹಿಗ್ಗಿಸುವುದು. ಹಾಗೆಂದು ಬರೀ ಮೆತ್ತಗಿದ್ದರೆ ಸಾಲದು. ತೀರ ಮೆತ್ತಗಿನ ಹಾಸು ಭಾರ ಬಿದ್ದೊಡನೆ ಪೂರ್ತಿ ಅಮುಕಿ ಹೋಗಿ, ದೇಹವು ಕೆಳಗಿನ ಕಲ್ಲಿಗೇ ಬಡಿಯುತ್ತದೆ. ಅದರ ಮೇಲೆ ನಿಂತವನ ಕಾಲು ಹೂತು ಹರಡು ಉಳುಕುವುದೂ ಉಂಟು.

ನಮ್ಮ ಹಿರಿಯರು ಇದನ್ನು ಲೆಕ್ಕ ಹಾಕದೆಯೇ ಅರಿತಿದ್ದರು. ಗರಡಿಮನೆಯ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರಸಿ, ಆಗಾಗ ಅಗೆದು ಸಡಿಲ ಮಾಡಿ, ನೀರು ಚಿಮುಕಿಸಿ ಹದವಿಡುತ್ತಾರೆ. ಮಣ್ಣು ಪೆಟ್ಟನ್ನು ಹೀರುತ್ತದೆ, ಕಾಲನ್ನೂ ಹಿಡಿದು ನಿಲ್ಲಿಸುತ್ತದೆ. ಕಾಸರಗೋಡಿನ ಕಡೆಯೂ ಪ್ರಚಾರದಲ್ಲಿರುವ ಕಳರಿಯ ನೆಲವು ನೆಲಮಟ್ಟದಿಂದ ಕೆಳಗೆ ಅಗೆದು ಬಡಿದ ಮಣ್ಣು. ಅದರ ಸಂಪ್ರದಾಯದ ಅಳತೆ 42 ಅಡಿಗೆ 21 ಅಡಿ. ಜಪಾನಿನಲ್ಲಿ 1882ರಲ್ಲಿ ಜಿಗೊರೊ ಕಾನೊ ಅವರು ಜೂಡೊ ಶಾಲೆಯನ್ನು ತೆರೆದಾಗ ಬಳಸಿದ್ದು ಭತ್ತದ ಹುಲ್ಲಿನ ದಪ್ಪ ಚಾಪೆಗಳನ್ನು. ಕರಾಟೆಯವರು ಮರದ ಹಲಗೆಯ ನೆಲವನ್ನು ಮೆಚ್ಚುತ್ತಾರೆ. ಅವರಿಗೆ ಬೀಳುವುದಕ್ಕಿಂತ ಪಾದವನ್ನು ಸರಿಸಿ ತಿರುಗುವುದು ಮುಖ್ಯ. ವಿದ್ಯೆಯಂತೆ ನೆಲ. ನೆಲ ಬದಲಾದರೆ ನುರಿತ ಮಲ್ಲನೂ ತಡವರಿಸುತ್ತಾನೆ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಮಣ್ಣಿನಲ್ಲಿ ಬೆಳೆದ ಜಟ್ಟಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೊಸದಾದ ಗಾದಿಯ ಮೇಲೆ ಸೆಣಸಿ ಆರನೆಯ ಸ್ಥಾನ ಪಡೆದರು. ಅದಕ್ಕೆ ಹೊಂದಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು.

ಮಾಳಿಗೆಯ ಮೇಲೆ ಮಣ್ಣು ಸುರಿಯುವಂತಿಲ್ಲ. ಹಾಗಾದರೆ ನಮಗೆ ಉಳಿದದ್ದೇನು?

ಮೊದಲು ಎಲ್ಲರ ಕಣ್ಣಿಗೆ ಬೀಳುವುದು ಹತ್ತಿಯ ಹಾಸಿಗೆ. ಅದು ಲಾದಿಯ ಮೇಲೆ ಜಾರುತ್ತದೆ, ನಡುವೆ ಗಂಟುಗಟ್ಟುತ್ತದೆ, ಬೆವರನ್ನು ಕುಡಿದು ನಾರುತ್ತದೆ. ರಾತ್ರಿ ಅದರ ಮೇಲೆಯೇ ಮಲಗಬೇಕಲ್ಲ! ತೆಂಗಿನ ನಾರು ತುಂಬಿದ ಕ್ಯಾನ್ವಾಸ್ ಗಾದಿ ಬಾಳಿಕೆಯದು, ಎಷ್ಟೋ ವ್ಯಾಯಾಮಶಾಲೆಗಳಲ್ಲಿ ಇದೆ. ಆದರೆ ಭಾರ ಬಹಳ, ಮುಂಬಯಿಯ ಮಳೆಗಾಲದಲ್ಲಿ ನೀರು ಹೀರಿದರೆ ವಾರಗಟ್ಟಲೆ ಒಣಗದು. ಗೋಣಿಚೀಲಕ್ಕೆ ಮರದ ಹೊಟ್ಟು ತುಂಬಿ ಹೊಲಿದ ಹಾಸು ಅತಿ ಅಗ್ಗ. ಕೆಲವೇ ದಿನಗಳಲ್ಲಿ ಹೊಟ್ಟು ಮೂಲೆಗೆ ಸರಿದು ನಡುವೆ ಬರಿದಾಗುವುದರಿಂದ ಅದನ್ನು ನಾನು ಒಪ್ಪಲಾರೆ. ರಬ್ಬರಿನ ಹಾಸು ಜಾರದು, ದಂಡ ಬಸ್ಕಿಗಳಿಗೆ ಉತ್ತಮ. ಬೀಳುವುದಕ್ಕೆ ಮಾತ್ರ ಗಟ್ಟಿ.

ತೇರಾ ಕಂಪೌಂಡಿನ ಗುಜರಿಯಲ್ಲಿ ಪೆಟ್ಟಿಗೆಗಳೊಳಗಿನ ಫೋಮಿನ ತುಂಡುಗಳು ದೊರೆಯಬಹುದಲ್ಲ ಎಂದು ನಿಮ್ಮಲ್ಲಿ ಜಾಣರು ಕೇಳುವಿರಿ. ಬಿಳಿಯ ಥರ್ಮೋಕೋಲ್ ಬೇಡವೇ ಬೇಡ. ಒಮ್ಮೆ ಜಜ್ಜಿದರೆ ಮರಳಿ ಏಳದು, ಪುಡಿಯಾಗುತ್ತದೆ. ಏನನ್ನು ಸುತ್ತಿ ತಂದದ್ದೋ ತಿಳಿಯದ ಫೋಮನ್ನು ಮುಖವಿಟ್ಟು ಉರುಳುವ ಜಾಗದಲ್ಲಿ ಹಾಸುವುದೂ ಸರಿಯಲ್ಲ.

ನನಗೆ ಮೆಚ್ಚಿಗೆಯಾದದ್ದು ಒಂದಕ್ಕೊಂದು ಹಲ್ಲು ಕೂಡಿಸುವ ಇ.ವಿ.ಎ. ಫೋಮಿನ ಹಾಸುಗಳು. ಚಪ್ಪಲಿಯ ಅಟ್ಟೆಗೆ ಬಳಸುವ ಹಗುರಾದ ವಸ್ತುವೇ ಇದು. ನೀರು ಹೀರದು, ಒರಸಿದರೆ ಶುಚಿ, ಕೆಲಸ ಮುಗಿದೊಡನೆ ಬಿಡಿಸಿ ಮಂಚದ ಕೆಳಗೆ ತಳ್ಳಬಹುದು. ಒಂದು ಮೀಟರ್ ಚದರದ ಒಂಬತ್ತು ಹಾಸುಗಳು ಹತ್ತಡಿಯ ಕೋಣೆಯನ್ನು ಹೆಚ್ಚುಕಡಮೆ ತುಂಬುತ್ತವೆ. ಹತ್ತಡಿಯೆಂದರೆ ಸುಮಾರು 3.05 ಮೀಟರ್, ಆದ್ದರಿಂದ ಐದು ಸೆಂಟಿಮೀಟರಿನ ಪಟ್ಟಿಯಷ್ಟೇ ಉಳಿಯುತ್ತದೆ. ಆದರೆ ಯಾವ ಮನೆಯ ಸಾಮಾನೂ ಗಾಳಿಯಲ್ಲಿ ತೂಗುವುದಿಲ್ಲವಾದ್ದರಿಂದ ನಾಲ್ಕು ಅಥವಾ ಆರು ಹಾಸು ಸಾಕು.

ದಪ್ಪದಲ್ಲಿ ಮೋಸ ಹೋಗಬೇಡಿ. ನಿಂತು ಗುದ್ದುವ, ಒದೆಯುವ ಅಭ್ಯಾಸಕ್ಕೆ 20 ಅಥವಾ 25 ಮಿಲಿಮೀಟರ್ ಸಾಕಾದೀತು. ಬೀಳುವುದಕ್ಕೆ 40 ಬೇಕು. ನಾನು ಮೊದಲು ಕೊಂಡ ಹಾಸಿನ ಮೇಲೆ 20 ಎಂದು ಬರೆದಿತ್ತು. ಮನೆಗೆ ತಂದು ಅಳತೆಪಟ್ಟಿಯಿಟ್ಟರೆ 14! ಅಂಗಡಿಯವನು ನಕ್ಕು ಸುಮ್ಮನಾದನು. ಅಂದಿನಿಂದ ಅಂಗಡಿಗೇ ಪಟ್ಟಿ ಒಯ್ಯುತ್ತೇನೆ. ಹಾಸನ್ನು ನೆಲದ ಮೇಲಿಟ್ಟು ಒಂದೇ ಹಿಮ್ಮಡಿಯ ಮೇಲೆ ಪೂರ್ಣ ಭಾರ ಬಿಟ್ಟು ನಿಲ್ಲಿರಿ. ಕೆಳಗಿನ ಗಟ್ಟಿನೆಲ ಹಿಮ್ಮಡಿಗೆ ತಾಕಿದರೆ ಅದು ಬೀಳುವ ಹಾಸಲ್ಲ. ಬೆಲೆಯನ್ನು ಒಂದು ತುಂಡಿಗಲ್ಲ, ಚದರ ಅಡಿಗೆ ಎಷ್ಟೆಂದು ಲೆಕ್ಕ ಹಾಕಬೇಕು. ಎರಡಡಿ ಚದರದ ತುಂಡು 4 ಚದರ ಅಡಿ. ಮೀಟರ್ ಚದರದ್ದು ಸುಮಾರು ಹತ್ತೂ ಮುಕ್ಕಾಲು. ಅಗ್ಗವಾಗಿ ಕಂಡ ಚಿಕ್ಕ ತುಂಡೇ ತುಟ್ಟಿಯಾಗುವುದುಂಟು. ವರ್ಗ ನಡೆಸುವವರು ಹಾಸು ಬದಲಾಯಿಸುವಾಗ ಹಳೆಯದನ್ನು ಮಾರುತ್ತಾರೆಯೇ ಎಂದು ಕೇಳಿ ನೋಡಿರಿ. ಅಂಚಿನ ಹಲ್ಲು ಸವೆದಿದ್ದರೂ ನಡುಭಾಗ ಗಟ್ಟಿಯಿದ್ದರೆ ಅದೇ ಲಾಭ. ಎರಡು ಹಾಸುಗಳ ನಡುವೆ ಸಂದು ಬಿಟ್ಟರೆ ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ. ಅಲ್ಲಿ ಪಟ್ಟಿ ಅಂಟಿಸಿರಿ.

ಮನೆಯ ಬಾಗಿಲು ಒಳಕ್ಕೆ ತೆರೆಯುವುದಾದರೆ ಹಾಸು ಅದಕ್ಕೆ ಅಡ್ಡವಾಗದಂತೆ ನೋಡಬೇಕು. ಆಪತ್ತಿನಲ್ಲಿ ಓಡುವ ದಾರಿ ಅದೊಂದೇ. ಫೋಮು ಬೆಂಕಿಗೆ ಬೇಗ ಈಡಾಗುವುದರಿಂದ ಒಲೆ ಹೊತ್ತಿಸುವ ಮೊದಲೇ ಹಾಸನ್ನು ಎತ್ತಿಡುವುದು ಕಡ್ಡಾಯ. ಸಾಮಿನ ಬಳಿಕ ಸಾಬೂನಿನ ನೀರಿನಿಂದ ಒರಸಿ ಒಣಗಿಸದಿದ್ದರೆ ಗಜಕರ್ಣವು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಕಬ್ಬಿಣದ ಏಣಿ ಹತ್ತಿಹೋಗುವ ಮೇಲಿನ ಕೋಣೆಯವರು ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಪಟ್ಟುಗಳನ್ನು ಮನೆಯಲ್ಲಿ ಮಾಡಲೇಕೂಡದು: ಕೆಳಗಿನ ಮನೆಯವರ ನೆತ್ತಿಯೇ ನಿಮ್ಮ ನೆಲ. ಕೆಳಗಿನ ಕೋಣೆಯವರಿಗೂ ನನ್ನ ಸಲಹೆ ಇದೇ. 40 ಮಿಲಿಮೀಟರಿನ ಹಾಸು ಕುಕ್ಕರಗಾಲಿನಿಂದ ಹಿಂದಕ್ಕೆ ಉರುಳಲು, ಗದ್ದವನ್ನು ಎದೆಗೊತ್ತಿ ತೋಳನ್ನು ಚಪ್ಪಟೆಯಾಗಿ ಬಡಿದು ಬೀಳಲು ಸಾಕು. ಎತ್ತಿ ಒಗೆಸಿಕೊಳ್ಳಲು ಸಾಲದು. ಅದಕ್ಕೆ ವರ್ಗದ ಗಾದಿಯೂ ಗುರುವಿನ ಕಣ್ಣೂ ಬೇಕು. ಗೋಡೆ, ಕಪಾಟು, ಏಣಿಗಳು ಒಂದೊಂದು ಗಜದ ಅಂತರದಲ್ಲಿರುವಲ್ಲಿ ತಲೆಗೆ ಹಾಸಿನಿಂದಷ್ಟೇ ರಕ್ಷಣೆಯಿಲ್ಲ.

ಇಷ್ಟನ್ನೂ ಆ ವಿದ್ಯಾರ್ಥಿನಿಯ ತಾಯಿಗೆ ಹೇಳಿದೆನು. ಅವರು ಹಾಸಿನ ಮೇಲೆ ತಾವೇ ಹಿಮ್ಮಡಿಯೂರಿ ನಿಂತು ಪರೀಕ್ಷಿಸಿದರು. ಬಳಿಕ ನಾಲ್ಕು ಹಾಸುಗಳನ್ನು ಕೊಂಡರು, ಐದನೆಯದಕ್ಕೆ ಹಣ ಸಾಲಲಿಲ್ಲ. ಗೋಡೆಯ ಬದಿಗೆ ಊರಿನಿಂದ ತಂದ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಒತ್ತಿಟ್ಟಿದ್ದಾರೆ. ಸಂಜೆ ಆರರಿಂದ ಏಳರವರೆಗೆ ಕೋಣೆ ಮಕ್ಕಳದು. ಏಳಕ್ಕೆ ಒಲೆ ಹೊತ್ತುತ್ತದೆ.