ಕೃಷಿ ಹೊಂಡ, ಕಾಲುವೆ, ಬಾವಿ: ಮಕ್ಕಳು ನೀರಿಗಿಳಿಯುವ ಮುನ್ನ

ಬೇಸಿಗೆ ರಜೆ ಬಂತೆಂದರೆ ನಮ್ಮ ವಿಜಯಪುರದ ಬಿಸಿಲಿಗೆ ಮಕ್ಕಳು ನೀರು ಹುಡುಕಿಕೊಂಡು ಹೋಗುತ್ತಾರೆ. ಈಜು ಒಳ್ಳೆಯದೇ. ಆರೋಗ್ಯಕ್ಕೆ ಅತ್ಯಗತ್ಯವೆಂದು ಯುನಾನಿ ಪದ್ಧತಿ ಹೇಳುವ 6 ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಆದರೆ ಎಲ್ಲಿ ಈಜಬೇಕು, ಎಲ್ಲಿ ಬಾರದು ಎಂಬುದು ಹೆತ್ತವರಿಗೆ ಗೊತ್ತಿರಬೇಕು.

ತಿಕೋಟಾ ಭಾಗದ ದ್ರಾಕ್ಷಿ ತೋಟಗಳ ಕೃಷಿ ಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲವರೂ ದಡ ಹತ್ತಲಾಗದೆ ದಣಿದು ಮುಳುಗುತ್ತಾರೆ. ಆದ್ದರಿಂದ ಹೊಂಡದಲ್ಲಿ ಈಜಲೇಬಾರದು. ಹೊಂಡ ನಿಮ್ಮದಾಗಿದ್ದರೆ ಸುತ್ತ ತಂತಿಬೇಲಿ ಹಾಕಿಸಿ. ಅಲ್ಲಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ.

ಬಬಲೇಶ್ವರ ಭಾಗದ ನೀರಾವರಿ ಕಾಲುವೆಗಳು ನೋಡಲು ಶಾಂತವಾಗಿದ್ದರೂ ಒಳಗೆ ಸೆಳೆತ ಇರುತ್ತದೆ. ಬಟ್ಟೆ ಒಗೆಯಲು ಹೋಗುವಾಗ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಮಮದಾಪುರದಂಥ ಹಳೆಯ ಕೆರೆಗಳಲ್ಲಿ, ಬಾವಿಗಳಲ್ಲಿ ಆಳ ತಿಳಿಯದೆ ತಲೆಕೆಳಗಾಗಿ ಜಿಗಿದರೆ ಕತ್ತಿನ ಮೂಳೆ ಮುರಿಯಬಹುದು.

ಮುಳುಗುವವರು ಕೂಗಿ ಕರೆಯುತ್ತಾರೆಂದು ಕಾಯಬೇಡಿ. ಉಸಿರಿಗೇ ಒದ್ದಾಡುವವರಿಗೆ ದನಿ ಹೊರಡುವುದಿಲ್ಲ. ಅವರನ್ನು ಉಳಿಸಲು ಹಾರಿದವರೂ ಜೊತೆಗೇ ಮುಳುಗುವುದುಂಟು. ದಡದಲ್ಲೇ ನಿಂತು ಹಗ್ಗ, ಸೀರೆ, ದುಪಟ್ಟಾ ಅಥವಾ ಉದ್ದನೆಯ ಕೋಲು ಕೊಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ.

ಮೇಲೆತ್ತಿದ ಮೇಲೆ ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಅದರಿಂದ ಸಮಯ ಹಾಳು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುತ್ತದೆ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಊದಲಿ. ಸ್ಪಂದನೆ ಇಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ. ಉಸಿರು ಮರಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ಇದನ್ನು ನಿಲ್ಲಿಸಬೇಡಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು.

ಮೂರ್ಛೆರೋಗ ಇರುವವರು ಒಬ್ಬರೇ ನೀರಿಗಿಳಿಯಬಾರದು. ಮೈಮೇಲೆ ಗಾಯವಿದ್ದರೆ, ಕಿವಿ ಸೋರುತ್ತಿದ್ದರೆ ವಾಸಿಯಾಗುವವರೆಗೆ ಈಜು ಬೇಡ. ಈಜಿದ ಮೇಲೆ ಶುದ್ಧ ನೀರಿನಲ್ಲಿ ಸ್ನಾನ ಮಾಡಿಸಿ, ತಲೆ ವಾಲಿಸಿ ಕಿವಿಯ ನೀರು ಇಳಿಸಿ. ಕಡ್ಡಿ ಹಾಕಬೇಡಿ, ಎಣ್ಣೆ ಬಿಡಬೇಡಿ.

ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಈಜು ಕಲಿಯಬೇಕು. ಹೊಲಕ್ಕೆ, ಕಾಲುವೆಗೆ ಅವರೂ ಹೋಗುತ್ತಾರಲ್ಲ! ತರಬೇತುದಾರರಿರುವ ಈಜುಕೊಳದಲ್ಲಿ ನಾಲ್ಕಾರು ಮನೆಯವರು ಸೇರಿ ಅವರಿಗೆ ಪ್ರತ್ಯೇಕ ಸಮಯ ಕೇಳಿ. ಮೈಮುಚ್ಚುವ ಈಜುಡುಗೆಗಳೂ ಸಿಗುತ್ತವೆ. ಸಡಿಲವಾದ ಬಟ್ಟೆ ಬೇಡ, ಅದು ನೆನೆದರೆ ಭಾರವಾಗಿ ಎಳೆಯುತ್ತದೆ. ಕಲಿತ ಮಕ್ಕಳಾದರೂ ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ಅವರನ್ನೇ ನೋಡುತ್ತ ಕೂತಿರಲಿ.