ಪಾತ್ರದ ತುಟಿ ನಡುಗುವುದೇಕೆ?

ಪ್ರಶ್ನೆ: ಮುಖಕ್ಕೆ ಚುಕ್ಕೆಗಳನ್ನಿಟ್ಟು ನಾಲ್ಕು ಕ್ಯಾಮೆರಾಗಳಲ್ಲಿ ಚಲನೆ ಸೆರೆಹಿಡಿದರೂ ಆನಿಮೇಷನ್ ಪಾತ್ರದ ತುಟಿ ನಡುಗುತ್ತದೆ. ಏಕೆ?

ಉತ್ತರ: ಮೊದಲು ನಟರನ್ನು ಅಲುಗಾಡದಂತೆ ಕೂರಿಸಿ ಚಿತ್ರೀಕರಿಸಿ. ಆಮೇಲೆ ‘ಅಪ್ಪ, ಅಮ್ಮ’ ಎಂದು ಬೇಗಬೇಗ ಹೇಳಿಸಿ. ಸುಮ್ಮನಿದ್ದಾಗ ಸರಿಯಿದ್ದು, ಮಾತಾಡುವಾಗ ಮಾತ್ರ ನಡುಕ ಬಂದರೆ ಕ್ಯಾಮೆರಾಗಳ ಸಮಯ ಹೊಂದಿಲ್ಲವೆಂದೇ ಮೊದಲ ಅನುಮಾನ ಪಡಬೇಕು.

ಒಂದೇ ಚುಕ್ಕೆಯನ್ನು ಎರಡು ಕ್ಯಾಮೆರಾಗಳು ಬೇರೆಬೇರೆ ಕೋನದಿಂದ ನೋಡುತ್ತವೆ. ಆ ಎರಡು ದೃಷ್ಟಿರೇಖೆಗಳು ಸೇರುವ ಜಾಗವೇ ಚುಕ್ಕೆಯ ನೆಲೆ. ಸೆಕೆಂಡಿಗೆ 60 ಫ್ರೇಮ್ ಇದ್ದಾಗ ಅರ್ಧ ಫ್ರೇಮ್ ಹಿಂದುಮುಂದಾದರೆ ಸುಮಾರು 8 ಮಿಲಿಸೆಕೆಂಡ್ ವ್ಯತ್ಯಾಸ. ಪಕಾರಕ್ಕೆ ಮುಚ್ಚಿದ ತುಟಿ ಅಷ್ಟರಲ್ಲಿ ತೆರೆಯಲು ಶುರುವಾಗಿರುತ್ತದೆ, ರೇಖೆಗಳು ಸೇರುವುದೇ ಇಲ್ಲ. ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಎಲ್‌ಇಡಿ ದೀಪ ಹೊತ್ತಿಸಿ, ಯಾವ ಫ್ರೇಮಿನಲ್ಲಿ ಬೆಳಕು ಬಂತೆಂದು ಹೋಲಿಸಿದರೆ ದೊಡ್ಡ ಅಂತರ ಗೊತ್ತಾಗುತ್ತದೆ. ಅರ್ಧ ಫ್ರೇಮಿನ ಅಂತರ ಹೋಗಬೇಕಾದರೆ ಎಲ್ಲ ಕ್ಯಾಮೆರಾಗಳನ್ನೂ ಒಂದೇ ಕ್ಷಣಕ್ಕೆ ಹೊಂದಿಸುವ ಸಿಂಕ್ ಕೇಬಲ್‌ನಂಥ ವ್ಯವಸ್ಥೆ ಬೇಕು.

ಸುಮ್ಮನಿದ್ದಾಗಲೂ ಮುಖ ಸೊಟ್ಟಗೆ ಕಂಡರೆ ಕ್ಯಾಲಿಬ್ರೇಶನ್, ಅಂದರೆ ಕ್ಯಾಮೆರಾಗಳ ನೆಲೆ, ಕೋನ, ಲೆನ್ಸಿನ ಲೆಕ್ಕ ಕೆಟ್ಟಿದೆ. ಯಾರೋ ಸ್ಟ್ಯಾಂಡಿಗೆ ತಗುಲಿರಬಹುದು, ಇಲ್ಲವೇ ಆಟೋಫೋಕಸ್ ಆಫ್ ಮಾಡಿರುವುದಿಲ್ಲ. ಫೋಕಸ್ ಬದಲಾದರೆ ಚಿತ್ರದ ಅಳತೆಯೂ ಚೂರು ಬದಲಾಗುತ್ತದೆ. ಆಟೋಫೋಕಸ್ ಆಫ್ ಮಾಡಿ, ಚೌಕುಳಿ ಹಲಗೆ ಹಿಡಿದು ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಬಾಯಿಯ ಅಂಚಿನ ಚುಕ್ಕೆಗಳನ್ನೂ ಗಮನಿಸಿ. ತಲೆ ತಿರುಗಿದಾಗ ಅವು ಒಂದೇ ಕ್ಯಾಮೆರಾಕ್ಕೆ ಕಂಡರೆ ಆಳದ ಲೆಕ್ಕ ತಪ್ಪಿ ಚುಕ್ಕೆ ಜಿಗಿಯುತ್ತದೆ. ಇದನ್ನು ಸಾಫ್ಟ್‌ವೇರಿನಲ್ಲಿ ನಯಗೊಳಿಸಿ ಮುಚ್ಚಬೇಡಿ, ನಟನೆಯ ಸೂಕ್ಷ್ಮವೂ ಅಳಿಸಿಹೋಗುತ್ತದೆ. ಪಕ್ಕದ ಕ್ಯಾಮೆರಾವನ್ನು ಸ್ವಲ್ಪ ಕೆಳಗಿಳಿಸಿ ನೋಡಿ.